ಕಪ್ಪು, ಬಸಿ ಮತ್ತು ಬಣ್ಣದ ನೀರು

ಮಣ್ಣು ತಿಂದ ಬಾಲಕೃಷ್ಣನ ಕತೆ ನಿಮಗೆಲ್ಲ ಗೊತ್ತು. ನಾನು ಮಣ್ಣು ಕುಡಿದವನು.

ಧಾರವಾಡದ ಜಿಟಿಜಿಟಿ ಮಳೆಯ ಒಂದು ಸಂಜೆ. ಅಟ್ಟದ ಕೋಣೆಯಲ್ಲಿ ಎಡಕ್ಕೆ ಚಹಾದ ಕಪ್ಪು, ಬಲಕ್ಕೆ ಕುಂಚ ತೊಳೆಯುವ ಕಪ್ಪು ಇಟ್ಟುಕೊಂಡು ಹೆಂಚಿನ ಮನೆಯೊಂದನ್ನು ಬಿಡಿಸುತ್ತಿದ್ದೆ. ಹೆಂಚಿಗೆ ಬಳಿದದ್ದು ಬರ್ಂಟ್ ಸಿಯೆನ್ನಾ. ಇಟಲಿಯ ಸಿಯೆನಾ ಊರಿನ ಹೆಸರು ಹೊತ್ತ ಈ ಬಣ್ಣ, ಕಬ್ಬಿಣದ ಅಂಶವಿರುವ ಮಣ್ಣನ್ನು ಸುಟ್ಟು ಮಾಡಿದ್ದು. ಮೋಡಕ್ಕೆ ಹಚ್ಚಿದ ಬಿಳಿಯೂ ಅದೇ ನೀರಿಗೆ ಸೇರಿ, ಅದು ಥೇಟ್ ನಮ್ಮನೆಯ ಚಹಾ ಆಗಿ ಕೂತಿತ್ತು. ಎರಡು ಗುಟುಕು ಒಳಗಿಳಿದ ಮೇಲೆ ‘ಇವತ್ತು ಸಕ್ಕರೆ ಮರೆತಿದ್ದಾಳೆ’ ಎಂದುಕೊಂಡೆ. ಮೂರನೆಯ ಗುಟುಕಿಗೆ ಕುಂಚದ ಕೂದಲು ನಾಲಿಗೆಗೆ ಸಿಕ್ಕಿತು. ನನ್ನ ಕೂಗಿಗೆ ಓಡಿಬಂದ ಹೆಂಡತಿ ಬಾಯಿ ತೆರೆಸಿ ನೋಡಿದಳು. ಬ್ರಹ್ಮಾಂಡವೇನೂ ಕಾಣಲಿಲ್ಲ.

“ನಾಲಿಗಿ ಮ್ಯಾಲೂ ಹೆಂಚು ಹೊದಿಸೀರಲ್ರೀ!”

ಅಷ್ಟು ಹೊತ್ತಿಗೆ ಅಸಲಿ ಚಹಾದಲ್ಲಿ ಕುಂಚ ಮೂರು ಸಲ ಮಿಂದೆದ್ದಿತ್ತು. ಮರುದಿನ ಚಿತ್ರದ ಆಕಾಶಕ್ಕೆ ಇರುವೆ ಮುತ್ತಿದ್ದವು. ಪಾಪ, ಆಕೆ ಸಕ್ಕರೆ ಮರೆತಿರಲಿಲ್ಲ.

ನಮ್ಮ ಮನೆಯಲ್ಲಿ ಹಿಡಿಕೆ ಮುರಿದ ಕಪ್ಪಿಗೆ ಅಟ್ಟಕ್ಕೆ ಬಡ್ತಿ. ಜೋಡಿ ತಪ್ಪಿದ ಬಸಿ ಬಣ್ಣ ಕಲಸಲಿಕ್ಕೆ. ಹೊಸ ಕುಂಚ ತಂದ ವಾರವೇ ಹಿಡಿಕೆಗಳು ಮುರಿಯುವುದೇಕೆ ಎಂಬ ಅನುಮಾನ ಹೆಂಡತಿಗೆ ಬಹಳ ದಿನದಿಂದ ಇದೆ. ಚೀನಾದಿಂದ ಯೂರೋಪಿಗೆ ಮೊದಮೊದಲು ಹೋದ ಚಹಾದ ಬಟ್ಟಲುಗಳಿಗೆ ಹಿಡಿಕೆಯೇ ಇರಲಿಲ್ಲ, ಅದೊಂದು ಆಮೇಲಿನ ಶೋಕಿ ಎಂದು ನಾನು ಚರಿತ್ರೆ ಹೇಳಿದೆ. ಚರಿತ್ರೆಗೆ ನಮ್ಮ ಅಡಿಗೆಮನೆಯಲ್ಲಿ ಅಂಥಾ ಮರ್ಯಾದೆಯಿಲ್ಲ.

ಒಮ್ಮೆ ಈಸಲ್‌ ಹಿಂದೆ ತಿಂಗಳುಗಟ್ಟಲೆ ಮರೆತ ಕಪ್ಪೊಂದು ಸಿಕ್ಕಿತು. ತಳದ ಚಹಾದ ಮೇಲೆ ಬೂದುಬಣ್ಣದ ಮೆತ್ತನೆಯ ಬೂಷ್ಟು ಬೆಳೆದಿತ್ತು. 1936ರಲ್ಲಿ ಮೆರೆಟ್ ಒಪ್ಪೆನ್‌ಹೈಮ್ ಎಂಬ ಕಲಾವಿದೆ ಪ್ಯಾರಿಸ್ಸಿನ ಅಂಗಡಿಯಿಂದ ಕಪ್ಪು, ಬಸಿ, ಚಮಚ ಕೊಂಡು ತಂದು ಮೂರಕ್ಕೂ ಜಿಂಕೆ ಜಾತಿಯ ಪ್ರಾಣಿಯ ತುಪ್ಪಳ ಹೊದಿಸಿದಳು. ಅದೀಗ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿದೆ. ನನ್ನದು ಅಂಟು ಹಚ್ಚುವ ಗೊಡವೆಯೇ ಇಲ್ಲದೆ ತಾನೇ ತುಪ್ಪಳ ಬೆಳೆಸಿಕೊಂಡಿತ್ತು. ಆದರೂ ಅದು ಹೋದದ್ದು ಬೂದಿ ಹಚ್ಚಿದ ತೆಂಗಿನ ನಾರಿನ ಬಾಯಿಗೆ.

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಒಂದೇ: ಚಿತ್ರ ಬಿಡಿಸುವವನ ಚಹಾ ಆರುತ್ತದೆ, ಚಿತ್ರದೊಳಗಿನ ಚಹಾ ಆರುವುದಿಲ್ಲ. ಫ್ರಾನ್ಸಿನ ಶಾರ್ದಾನ್ 1735ರಲ್ಲಿ ಬರೆದ ‘ಚಹಾ ಕುಡಿಯುವ ಹೆಂಗಸು’ ಚಿತ್ರ ಗ್ಲಾಸ್ಗೋದ ಹಂಟೇರಿಯನ್ ಮ್ಯೂಸಿಯಮ್ಮಿನಲ್ಲಿದೆ. ಕೆಂಪು ಮೇಜು, ಅರ್ಧ ತೆರೆದ ಅದರ ಡ್ರಾವರು, ಬಗ್ಗಿದ ಕಣ್ಣು. ಆಕೆ ಚಮಚದಿಂದ ಸುಮ್ಮನೆ ಕಲಕುತ್ತಿದ್ದಾಳೆ. ಬಟ್ಟಲಿನಿಂದ ಎದ್ದ ಹಬೆ ಇದೆಯೋ ಇಲ್ಲವೋ ಎಂಬಷ್ಟು ತೆಳು. ಆಕೆ ಶಾರ್ದಾನನ ಹೆಂಡತಿ ಎಂದೇ ಹಲವರ ನಂಬಿಕೆ. ಅದೇ ವರ್ಷ ಏಪ್ರಿಲ್‌ನಲ್ಲಿ ಆ ಹೆಂಡತಿ ತೀರಿಹೋದಳು. ಹಬೆ ಮಾತ್ರ ಇನ್ನೂ ಏಳುತ್ತಲೇ ಇದೆ. ಇದನ್ನು ಓದಿದ ದಿನ ನಾನು ಕೆಳಗೆ ಅಡಿಗೆಮನೆಗೇ ಹೋಗಿ, ಹೆಂಡತಿಯ ಎದುರು ಕೂತು ಬಿಸಿ ಚಹಾ ಕುಡಿದೆ. “ಯಾಕ್ರೀ, ಆರಾಮಿಲ್ಲೇನು?” ಎಂದು ಆಕೆ ಹಣೆ ಮುಟ್ಟಿ ನೋಡಿದಳು.

ಅಮೆರಿಕದ ಮೇರಿ ಕಸ್ಸಾಟ್ ಇನ್ನೊಂದು ಬಗೆ. 1880ರ ಸುಮಾರಿಗೆ ಬರೆದ ‘ದಿ ಟೀ’ ಚಿತ್ರದಲ್ಲಿ ಮನೆಗೆ ಬಂದ ಅತಿಥಿ ಕಪ್ಪು ಎತ್ತಿದ ಗಳಿಗೆಯನ್ನೇ ಹಿಡಿದಿದ್ದಾಳೆ. ಅತಿಥಿಯ ಅರ್ಧ ಮುಖ ಕಪ್ಪಿನ ಹಿಂದೆ. ಕನ್ಯೆ ನೋಡುವ ಶಾಸ್ತ್ರಗಳಲ್ಲಿ ಮಾತು ಮುಗಿದಾಗ ನಾವೆಲ್ಲ ಕಪ್ಪಿನ ಹಿಂದೆ ಅಡಗಿದವರೇ. ಖಾಲಿಯಾದ ಮೇಲೂ ಕುಡಿಯುವಂತೆ ನಟಿಸಿದವರೂ ಇದ್ದಾರೆ.

ಆದರೆ ನಮ್ಮ ಊರಿನವರ ಮನಸ್ಸು ತಂಪಾಗುವುದು ರಷ್ಯಾದ ಕುಸ್ತೋದಿಯೆವ್ 1918ರಲ್ಲಿ ಬರೆದ ವ್ಯಾಪಾರಿಯ ಹೆಂಡತಿಯನ್ನು ಕಂಡಾಗ. ಚಹಾಕ್ಕೆ ನೀರು ಕಾಯಿಸುವ ಸಮೋವರ್, ಕೊಯ್ದಿಟ್ಟ ಕಲ್ಲಂಗಡಿ, ಹೆಗಲಿಗೆ ಮೈ ತಿಕ್ಕುವ ಬೆಕ್ಕು. ದುಂಡುದುಂಡಗಿನ ಆ ಯಜಮಾನ್ತಿ ಬೆರಳ ತುದಿಗಳ ಮೇಲೆ ಎತ್ತಿ ಹಿಡಿದದ್ದು ಬಸಿಯನ್ನು! ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ಬಸಿಗೆ ಸುರುವಿಕೊಂಡು ಸುರ್ ಎನ್ನುವವರನ್ನು ಕಂಡು ಮೂಗು ಮುರಿಯುವ ಪೇಟೆಯವರು ಈ ಚಿತ್ರವನ್ನೊಮ್ಮೆ ನೋಡಬೇಕು. ಅದನ್ನು ಬರೆದಾಗ ಪೆತ್ರೊಗ್ರಾದ್‌ನಲ್ಲಿ ಹೊಟ್ಟೆಗೆ ಹಿಟ್ಟಿಲ್ಲದ ಕಾಲ, ಕುಸ್ತೋದಿಯೆವ್ ಗಾಲಿಕುರ್ಚಿಯಲ್ಲಿದ್ದ. ಇಲ್ಲದ್ದನ್ನೆಲ್ಲ ಕ್ಯಾನ್ವಾಸಿನ ಮೇಲೆ ಬಡಿಸಿಬಿಟ್ಟ.

ಇವರೆಲ್ಲರಲ್ಲಿ ಜಾಣ ಎಂದರೆ ಜಿನೀವಾದ ಲಿಯೊಟಾರ್. ಎಂಬತ್ತರ ಆಸುಪಾಸಿನಲ್ಲಿ ಆತ ಬರೆದ ಚಹಾದ ಪರಿವಾಣ ಈಗ ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಮ್ಮಿನಲ್ಲಿದೆ. ಆರು ಚೀನೀ ಬಟ್ಟಲು, ಆರು ಬಸಿ, ಚಮಚ ಅಡ್ಡಾದಿಡ್ಡಿ. ತಟ್ಟೆಯಲ್ಲಿ ಬ್ರೆಡ್ಡು ಬೆಣ್ಣೆ. ಮನುಷ್ಯರೊಬ್ಬರೂ ಇಲ್ಲ, ಕುಡಿದು ಎದ್ದುಹೋಗಿದ್ದಾರೆ. ಮುದುಕನ ಗುಟ್ಟು ನನಗೆ ಹೊಳೆಯಿತು: ಮೊದಲು ಕುಡಿ, ಆಮೇಲೆ ಬಿಡಿಸು. ಆರುವ ಚಿಂತೆಯಿಲ್ಲ, ಕುಂಚ ಅದ್ದುವ ಭಯವಿಲ್ಲ.

ಕಳೆದ ಭಾನುವಾರ ಬೀಗರು ಬಂದು ಚಹಾ ಕುಡಿದು ಹೋದರು. ಆರು ಕಪ್ಪು ಪರಿವಾಣದಲ್ಲಿ ಚೆಲ್ಲಾಪಿಲ್ಲಿ, ಬೆಳಕೂ ಚೆಂದ. “ಯಾರೂ ಮುಟ್ಟಬ್ಯಾಡ್ರಿ” ಎಂದು ಕೂಗಿ ಕಾಗದ ತರಲು ಅಟ್ಟಕ್ಕೆ ಓಡಿದೆ. ಇಳಿದು ಬರುವಷ್ಟರಲ್ಲಿ ಪರಿವಾಣ ಬಚ್ಚಲಿನಲ್ಲಿತ್ತು. ಲಿಯೊಟಾರನ ಕತೆಯನ್ನು ಪೂರ್ತಿ ಹೇಳಿ, ಎಂಥಾ ಚಿತ್ರ ಹಾಳಾಯಿತು ಎಂದು ಹಲುಬಿದೆ. ಹೆಂಡತಿ ಕೈಯಲ್ಲಿದ್ದ ನಾರನ್ನು ನಿಲ್ಲಿಸಿ ಕೇಳಿದಳು:

“ಅಲ್ರೀ, ಅಂವಾ ಚಿತ್ರಾ ಮುಗಿಸೋತನಕಾ ಆ ಮನ್ಯಾಗ ಮುಸುರಿ ಯಾರು ತೊಳೀತಿದ್ರಂತ?”

ಕಲಾಚರಿತ್ರೆಯ ಪುಸ್ತಕಗಳನ್ನು ಹುಡುಕುವ ಮೊದಲೇ ನಾರು ನನ್ನ ಕೈಗೆ ಬಂದಿತ್ತು. ತೊಳೆಯುವಾಗ ಒಂದರ ಹಿಡಿಕೆ ಮುರಿಯಿತು. ದೇವರಾಣೆ, ಈ ಸಲ ಬೇಕೆಂದು ಅಲ್ಲ.