ಒಂದು ಮನೆಗೆ ಇಬ್ಬರು ಕಲೆಕ್ಟರು

ಆಂಧ್ರದ ಮಡಕಶಿರಾ ಕಡೆ ‘ವಿಆರ್‌ಒ ಸಾರ್’ (ಗ್ರಾಮ ಕಂದಾಯ ಅಧಿಕಾರಿ) ಅಂದರೆ ಒಬ್ಬರಲ್ಲ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ, ಯಾವ ಮಂಡಲಕ್ಕೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಬೈಕಿನ ಚೀಲದಲ್ಲಿ ಯಾರದೋ ಅಡಂಗಲ್ (ಪಹಣಿ) ನಕಲು, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಸರ್ಕಾರದ ಫೋನು, ಕಿವಿಯಲ್ಲಿ ಸ್ವಂತ ಫೋನು. ರೈತ ಅಹವಾಲು ಹೇಳುವುದು ಕನ್ನಡದಲ್ಲಿ, ಸಾರು ಅದನ್ನು ಬರೆದುಕೊಳ್ಳುವುದು ತೆಲುಗಿನಲ್ಲಿ, ಮೇಲಿನವರಿಂದ ಬೈಸಿಕೊಳ್ಳುವುದೂ ತೆಲುಗಿನಲ್ಲೇ. ಆ ಸಿಟ್ಟು ತೀರಿಸಿಕೊಳ್ಳುವಾಗ ಮಾತ್ರ ಮನೆಮಾತು.

ಸಾರಿನ ಹೆಂಡತಿಯೂ ಸರ್ಕಾರಿ ನೌಕರಳೇ. ರಾಯದುರ್ಗದ ಕಡೆ ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರು. ರಾಯದುರ್ಗ ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರುಗಳ ಜೊತೆ ಅದೂ ಆಂಧ್ರ ರಾಜ್ಯಕ್ಕೆ ಹೋಯಿತು; ಕನ್ನಡ ಶಾಲೆಗಳೂ ಅದರ ಜೊತೆಗೇ ಹೋದವು. ಗಂಡ ದಕ್ಷಿಣದ ತುದಿಯಲ್ಲಿ, ಹೆಂಡತಿ ಪಡುವಣ ಅಂಚಿನಲ್ಲಿ ಇದ್ದರೂ ಜಿಲ್ಲೆ ಅನಂತಪುರ ಒಂದೇ ಅನ್ನುವ ಸಮಾಧಾನ ಇತ್ತು. 2022ರ ಏಪ್ರಿಲ್ 4ರಂದು ಅದೂ ಹೋಯಿತು. ಜಿಲ್ಲೆಗಳನ್ನು ಹೊಸದಾಗಿ ಹಂಚಿದಾಗ ಮಡಕಶಿರಾ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಿತ್ತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಅಂದಿನಿಂದ ಈ ಮನೆಗೆ ಇಬ್ಬರು ಕಲೆಕ್ಟರು. ಭಾನುವಾರ ಗಂಡ “ನಮ್ಮ ಕಲೆಕ್ಟರು ನಾಳೆ ವಿಡಿಯೋ ಕಾನ್ಫರೆನ್ಸ್ ಇಟ್ಟಿದಾರೆ” ಅಂದರೆ, ಹೆಂಡತಿ “ನಮ್ಮೋರು ಇವತ್ತೇ ಇಟ್ಟಿದಾರ್ರೀ, ಬೇಳೆ ಒಲೆ ಮೇಲಿದೆ ನೋಡ್ಕೊಳಿ” ಅನ್ನುತ್ತಾಳೆ.

ಮದುವೆಯ ಮಾತುಕತೆಯಲ್ಲಿ ಈ ದೂರ ಯಾರಿಗೂ ದೂರ ಅನ್ನಿಸಿರಲಿಲ್ಲ. ಕಾರಣ ರೈಲು. ತುಮಕೂರು–ರಾಯದುರ್ಗ ಹೊಸ ಮಾರ್ಗಕ್ಕೆ 2007–08ರಲ್ಲಿ ಮಂಜೂರಾತಿ ಸಿಕ್ಕಿತ್ತು. ಉದ್ದ ಸುಮಾರು 207 ಕಿಲೋಮೀಟರು; ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗ ಎಲ್ಲ ಅದರ ದಾರಿಯಲ್ಲೇ. “ಶನಿವಾರ ಸಂಜೆ ಹತ್ತಿದರೆ ರಾತ್ರಿ ಊಟಕ್ಕೆ ಮನೆ” ಅಂತ ಶಿರಾದಿಂದ ಬಂದ ಮಧ್ಯಸ್ಥರು ಬೆರಳು ಮಡಚಿ ಲೆಕ್ಕ ಹೇಳಿದ್ದರು. ಮಾರ್ಗಕ್ಕೆ ಜಮೀನು ಬೇಕಾದಾಗ ನೋಟಿಸು ಹಿಡಿದು ಹೊಲಹೊಲ ತಿರುಗಿದ್ದು ಇದೇ ಸಾರು. ಹೆಂಡತಿಯ ಹತ್ತಿರ ಹೋಗುವ ರೈಲಿಗೆ ತನ್ನ ಕೈಯಾರೆ ದಾರಿ ಬಿಡಿಸಿಕೊಂಡ ಗಂಡ ಇನ್ನೊಬ್ಬ ಇರಲಾರ. ರಾಯದುರ್ಗದ ಕಡೆಯಿಂದ ಹಳಿ ಕಲ್ಯಾಣದುರ್ಗ ದಾಟಿ ಬಂದಿದೆ. ಅತ್ತೆ ಫೋನು ಮಾಡಿದಾಗೆಲ್ಲ ಕೇಳುವ ಮೊದಲ ಪ್ರಶ್ನೆ ಈಗಲೂ “ರೈಲು ಎಲ್ಲಿಗೆ ಬಂತಪ್ಪ?” ಅನ್ನುವುದೇ. ಆಮೇಲೆ ಆರೋಗ್ಯ.

ಅಲ್ಲಿಯವರೆಗೆ ಬಸ್ಸು. ಪಾವಗಡ ತಾಲ್ಲೂಕು ಕರ್ನಾಟಕದ್ದಾದರೂ ಹೆಚ್ಚುಕಮ್ಮಿ ನಾಲ್ಕೂ ಕಡೆ ಆಂಧ್ರ ಸುತ್ತಿಕೊಂಡಿದೆ. ಹೀಗಾಗಿ ಆಂಧ್ರದ ಒಂದು ಊರಿನಿಂದ ಆಂಧ್ರದ ಇನ್ನೊಂದು ಊರಿಗೆ ಹೋಗುವ ಆಂಧ್ರದ ನೌಕರ, ನಡುವೆ ಕರ್ನಾಟಕದಲ್ಲಿ ಇಳಿದು ಟೀ ಕುಡಿಯುತ್ತಾನೆ. 2023ರ ಜೂನ್‌ನಲ್ಲಿ ಕರ್ನಾಟಕದ ಹೆಂಗಸರಿಗೆ ಶಕ್ತಿ ಯೋಜನೆ ಬಂದ ಮೇಲೆ ಅಲ್ಲಿಯವರಾದ ಅತ್ತೆ ಆಧಾರ್ ತೋರಿಸಿ ಪುಕ್ಕಟೆ ಓಡಾಡಿದರೆ, ಅವರ ಹೊಟ್ಟೆಯಲ್ಲಿ ಹುಟ್ಟಿದ ಟೀಚರು ಪಕ್ಕದ ಸೀಟಿನಲ್ಲೇ ಕೂತು ಟಿಕೆಟು ಕೊಳ್ಳಬೇಕಾಯಿತು. ಆಧಾರಿನಲ್ಲಿ ವಿಳಾಸ ಗಂಡನ ಮನೆಯದು. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಿದ್ರು, ಈಗ ಬಸ್ಸಿಗೂ ಹೊರಗು” ಅಂತ ಅತ್ತೆ ಕಂಡಕ್ಟರಿಗೇ ಹೇಳಿದರಂತೆ.

ಟೀಚರಿಗೆ ಒಂದು ಕಾಲಕ್ಕೆ ಪಾಠಕ್ಕಿಂತ ಫೋಟೊ ಕೆಲಸವೇ ಜಾಸ್ತಿ ಇತ್ತು. ಬಿಸಿಯೂಟದ ಮೊಟ್ಟೆಯ ಫೋಟೊ, ಶೌಚಾಲಯದ ಫೋಟೊ, ಎಲ್ಲವೂ ಹೊತ್ತಿಗೆ ಸರಿಯಾಗಿ ಆ್ಯಪಿಗೆ ಏರಬೇಕಿತ್ತು. ಒಂದು ದಿನ ಅವಸರದಲ್ಲಿ ಶೌಚಾಲಯ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ತುಮಕೂರಿನ ಚಿಕ್ಕಮ್ಮ ಕೈಮುಗಿದ ಚಿತ್ರ ಹಾಕಿ “ಹೊಸ ಮನೆ ಚೆನ್ನಾಗಿದೆ” ಅಂದರು.

ಮನೆಯಲ್ಲಿ ಮೂರನೆಯ ಅಧಿಕಾರಿಯೊಬ್ಬರಿದ್ದಾರೆ. ಸಾರಿನ ತಂದೆ, ಮಾಜಿ ಕರಣಂ. ಕನ್ನಡದಲ್ಲಿ ಶಾನುಭೋಗರು. 1984ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಒಂದೇ ಸುಗ್ರೀವಾಜ್ಞೆಯಲ್ಲಿ ಕರಣಂ, ಮುನಸೀಬು ಹುದ್ದೆಗಳನ್ನೆಲ್ಲ ತೆಗೆದುಹಾಕಿತು. ತಲೆಮಾರಿನಿಂದ ಬಂದ ಲೆಕ್ಕದ ಪುಸ್ತಕ ಕೈಬಿಟ್ಟಿತು, ಗತ್ತು ಕೈಬಿಡಲಿಲ್ಲ. ಅಟ್ಟದ ಮೇಲೆ ಕೆಂಪು ಬಟ್ಟೆಯ ಗಂಟೊಂದು ಇನ್ನೂ ಇದೆ. ಮಗ ಕಂಪ್ಯೂಟರಿನಲ್ಲಿ ಸರ್ವೆ ನಂಬರು ಹುಡುಕುತ್ತ ಬೆವರುವಾಗ ಇವರು ಕಣ್ಣು ಮುಚ್ಚಿಕೊಂಡೇ ಚಕ್ಕುಬಂದಿ ಹೇಳುತ್ತಾರೆ: “ಮೂಡ್ಲಿಗೆ ಹಳ್ಳ, ಪಡುವ್ಲಿಗೆ ಹುಣಿಸೆಮರ.” ಆ ಹುಣಿಸೆಮರ ಕಡಿದು ಎಷ್ಟು ವರ್ಷವಾಯಿತೋ!

2020ರ ಡಿಸೆಂಬರಿನಲ್ಲಿ ಭೂಮಿಯ ಮರುಸರ್ವೆ ಶುರುವಾಯಿತು. ಡ್ರೋನು ಹಾರಿತು, ಹೊಲಕ್ಕೆ ಕಲ್ಲು ಬಂತು, ರೈತರ ಕೈಗೆ ಮುಖ್ಯಮಂತ್ರಿಯ ಫೋಟೊ ಇರುವ ಪಾಸ್‌ಪುಸ್ತಕ ಬಂತು. ಹಂಚಿದ್ದು ಸಾರು. 2024ರಲ್ಲಿ ಸರ್ಕಾರ ಬದಲಾಗಿ, ಫೋಟೊ ಬೇಡ, ರಾಜಮುದ್ರೆ ಸಾಕು ಅಂತಾಯಿತು. ಹಂಚುವುದು ಮತ್ತೆ ಸಾರೇ. ಕಲ್ಲಿನ ಮೇಲಿನ ಹೆಸರು ಅಳಿಸಬೇಕಂತೆ ಅನ್ನುವ ಸುದ್ದಿ ಕೇಳಿ ಮುದುಕರು ನಕ್ಕರು. ಅಮರಾಪುರದ ಪಕ್ಕದ ಹೇಮಾವತಿ, ಅಂದರೆ ಹಿಂದೆ ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರು, ಅವರ ಹೆಂಡತಿಯ ತವರು. “ನೊಳಂಬ್ರು ಕೆತ್ಸಿದ್ದು ಸಾವ್ರ ವರ್ಷದಿಂದ ಹಂಗೇ ಇದೆ. ಅವ್ರಿಗೆ ಎಲೆಕ್ಷನ್ ಇರ್ಲಿಲ್ಲ ನೋಡು!”

ಎಲೆಕ್ಷನ್ ಅಂದರೆ ಈ ಮನೆಗೆ ಬೇರೆಯದೇ ನಡುಕ. 2024ರ ಮೇ 13ರಂದು ಗಂಡ ಒಂದು ಬೂತಿಗೆ, ಹೆಂಡತಿ ಇನ್ನೊಂದು ಬೂತಿಗೆ. ಆ ಮೇ ಬಿಸಿಲಿನಲ್ಲಿ ಈ ದಂಪತಿಯ ಮಗಳಿಗೆ ಎರಡು ದಿನ ಮುದ್ದೆ ತಿರುವಿ ಹಾಕಿದ್ದು ಮಾಜಿ ಕರಣಂ. ಮುದ್ದೆ ಗಂಟುಗಂಟಾಗಿತ್ತು ಅಂತ ಮಗಳು ಇಬ್ಬರಿಗೂ ಪ್ರತ್ಯೇಕವಾಗಿ ದೂರು ಕೊಟ್ಟಳು. ಹೆತ್ತವರನ್ನು ನೋಡಿ ಕಲಿತದ್ದು. ಯಾವ ಅರ್ಜಿಗೂ ಎರಡು ಪ್ರತಿ.

ಇನ್ನು ಪಿಂಚಣಿಯ ಮಾತು. ಸಾರು ಸರ್ಕಾರಿ ಕೆಲಸಕ್ಕೆ ಸೇರಿದ್ದು 2004ರ ಸೆಪ್ಟೆಂಬರ್ 1 ಕಳೆದ ಮೇಲೆ. ಆದ್ದರಿಂದ ಹಳೇ ಪಿಂಚಣಿ ಇಲ್ಲ, ಸಂಬಳದಲ್ಲಿ ಕಡಿದುಕೊಳ್ಳುವ ಸಿಪಿಎಸ್ಸು. ಅದೇ ಸಾರು ತಿಂಗಳ ಒಂದನೇ ತಾರೀಖು ಬೆಳ್ಳಂಬೆಳಿಗ್ಗೆ ಊರಿಗೆಲ್ಲ ಪಿಂಚಣಿ ಹೊತ್ತು ಹೊರಡಬೇಕು. 2024ರ ಜುಲೈಯಿಂದ ವೃದ್ಧರ ಪಿಂಚಣಿ 4,000 ರೂಪಾಯಿ. ಆ ಮೊದಲ ತಿಂಗಳು ಬಾಕಿ ಸೇರಿ 7,000. ಹಿಂದಿನ ಸಂಜೆಯೇ ನೋಟುಗಳನ್ನು ಮಂಚದ ಮೇಲೆ ಹರಡಿ ಎಣಿಸುವುದು, ರಾತ್ರಿ ಚೀಲ ತಲೆದಿಂಬಿನ ಕೆಳಗೆ. ಬೆಳಗಾದರೆ ಮನೆಮನೆಯ ಮುಂದೆ ಅದೇ ಪಂಚಾಯ್ತಿ: “ಹೆಬ್ಬೆಟ್ಟು ತಗೊಳ್ತಿಲ್ಲ ಕಣಪ್ಪ, ರಾಗಿ ಬೀಸಿ ಬೀಸಿ ಸವದೋಗೈತೆ. ಮುಖ ತೋರಿಸ್ತೀನಿ, ಇಡಿ ಫೋನು.”

ಸಾರು ಬೈಕು ಒದೆಯುವ ಹೊತ್ತಿಗೆ ಜಗುಲಿಯ ಮೇಲೆ ಮಾಜಿ ಕರಣಂ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿರುತ್ತಾರೆ. ಪ್ರತಿ ತಿಂಗಳೂ ಇದೇ ನಾಟಕ.

“ನನ್ ಹೆಸ್ರು ಬಂತೇನೋ?”

“ಇಲ್ಲಪ್ಪ. ಮನೇಲಿ ಸರ್ಕಾರಿ ನೌಕರ ಇದ್ರೆ ಕೊಡಲ್ಲ.”

ಮುದುಕರು ಚೀಲ ನೋಡುತ್ತಾರೆ, ಬೈಕು ನೋಡುತ್ತಾರೆ, ಮಗನನ್ನು ಕೆಳಗಿಂದ ಮೇಲಕ್ಕೆ ನೋಡುತ್ತಾರೆ.

“ಯಾರೋ ಅವ್ನು?”