ಅರಬ್ಬಿ ಸಮುದ್ರರಾಯರಿಗೆ ಗೋಕಾಕ ಸೀಮೆಯವರ ಬಹಿರಂಗ ಪತ್ರ

ಸನ್ಮಾನ್ಯ ಸಮುದ್ರರಾಯರೇ,

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಮಸ್ತ ಪ್ರವಾಸಿಗರ ಪರವಾಗಿ ಸಾಷ್ಟಾಂಗ ನಮಸ್ಕಾರ. ಪರವಾಗಿ ಬರೆಯಲು ನನ್ನನ್ನು ಯಾರೂ ಆರಿಸಿಲ್ಲ. ಕ್ರೂಸರಿನಲ್ಲಿ ಕಿಟಕಿ ಸೀಟು ಸಿಗದವನಿಗೆ ಪುರಸೊತ್ತು ಜಾಸ್ತಿ, ಅಷ್ಟೇ.

ಮೊದಲು ಸಂಬಂಧದ ಮಾತು. ನಮ್ಮ ಘಟಪ್ರಭೆ ಹುಟ್ಟಿದ್ದು ನಿಮ್ಮ ಮಗ್ಗುಲಿನ ಸಹ್ಯಾದ್ರಿಯಲ್ಲೇ. ಆದರೂ ನಿಮಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹರಿದು, ಕೃಷ್ಣೆಯನ್ನು ಕೂಡಿ, ಬಂಗಾಳಕೊಲ್ಲಿಯ ಮನೆ ಸೇರುತ್ತಾಳೆ. ಬೀಗತನ ಅವರ ಜೊತೆ, ಉಂಡು ಹೋಗಲು ಬರುವುದು ನಿಮ್ಮ ಮನೆಗೆ. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳದಿರುವುದು ನಿಮ್ಮ ದೊಡ್ಡತನ.

ಪ್ರವಾಸಕ್ಕೆ ರೊಕ್ಕ ಎಲ್ಲಿಂದ ಎನ್ನುವಿರಾ? ಘಟಪ್ರಭೆಯನ್ನು ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಲ್ಲಿ ಹಿಡಿದು, ಧೂಪದಾಳದಲ್ಲಿ ಕಾಲುವೆಗೆ ತಿರುಗಿಸಿ, ಮೂಡಲಗಿ ಕಡೆಯ ಕಬ್ಬಿಗೆ ಕುಡಿಸುತ್ತೇವೆ. ಬೇಸಿಗೆಯಲ್ಲಿ ಗೋಕಾಕ ಫಾಲ್ಸ್ ಎಂದರೆ ಬರೀ ಬಂಡೆ. ಕಬ್ಬಿನ ಬಿಲ್ಲು ಕೈಗೆ ಬಂದದ್ದೇ ತಡ, ಗಾಡಿ ಬಾಡಿಗೆಗೆ ಹಿಡಿಯುತ್ತೇವೆ. ಅಂದರೆ ನಮ್ಮ ನೀರನ್ನು ಕಬ್ಬು ಮಾಡಿ, ಕಬ್ಬನ್ನು ರೊಕ್ಕ ಮಾಡಿ, ಆ ರೊಕ್ಕ ಸುರಿದು ನಿಮ್ಮ ನೀರು ನೋಡುತ್ತೇವೆ. ಇದಕ್ಕೆ ಪ್ರವಾಸೋದ್ಯಮ ಎನ್ನುತ್ತಾರಂತೆ.

ಹುಕ್ಕೇರಿಯವರು ಸಂಕೇಶ್ವರ, ಆಜರಾ ದಾಟಿ ಅಂಬೋಲಿ ಘಟ್ಟ ಇಳಿದು ನಿಮ್ಮನ್ನು ಮರಾಠಿಯಲ್ಲಿ ಭೇಟಿಯಾಗುತ್ತಾರೆ. ಉಳಿದವರು ಧಾರವಾಡ, ಯಲ್ಲಾಪುರ, ಅರಬೈಲ ಘಟ್ಟದ ದಾರಿ ಹಿಡಿದು ಅಂಕೋಲೆಗೆ ಬರುತ್ತಾರೆ. ಅಲ್ಲಿ ಹೆದ್ದಾರಿ 66: ಬಲಕ್ಕೆ ಕಾರವಾರ, ಎಡಕ್ಕೆ ಗೋಕರ್ಣ, ಮುರುಡೇಶ್ವರ. ಈ ಕರಾವಳಿ ದಾರಿ ಬಲು ಚೆಂದ ಎಂದು ಕೇಳಿ ಬಲ್ಲೆವು. ಮರವಂತೆಯಲ್ಲಿ ಒಂದು ಮಗ್ಗುಲಿಗೆ ನೀವು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ, ಗಾಡಿಯೊಳಗೆ ಎರಡೂ ಮಗ್ಗುಲಿಗೆ ಗೊರಕೆ. ರಾತ್ರಿ ಉಂಡು ಹೊರಟವರ ಪೈಕಿ ನಿಮ್ಮನ್ನು ನೋಡಿದವನು ಡ್ರೈವರ್ ಒಬ್ಬನೇ.

ಮುರುಡೇಶ್ವರದಲ್ಲಿ 123 ಅಡಿಯ ಶಿವನ ಮುಂದೆ ಕತ್ತು ನೋಯುವ ತನಕ ‘ಯಪ್ಪಾ!’ ಎನ್ನುತ್ತೇವೆ. ಗೋಕಾಕ ಫಾಲ್ಸ್ 170 ಅಡಿಯಷ್ಟು ಎತ್ತರವಿದೆ. ಆದರೆ ಅದರ ಪಕ್ಕ ಲಿಫ್ಟ್ ಇರುವ ಇಪ್ಪತ್ತು ಅಂತಸ್ತಿನ ಗೋಪುರವಿಲ್ಲ. 1887ರಿಂದ ಗಿರಣಿ ಓಡಿಸಿದ ನೀರು ಇದು ಎಂದರೆ ಮಕ್ಕಳು ಮೊಬೈಲಿನಿಂದ ತಲೆ ಎತ್ತುವುದಿಲ್ಲ.

ಇನ್ನು ನಮ್ಮ ದೂರುಗಳು. ನಿಮ್ಮ ಗಾಳಿಗೆ ನಮ್ಮ ಖಡಕ್ ರೊಟ್ಟಿ ಮಧ್ಯಾಹ್ನದೊಳಗೆ ಮೆತ್ತಗಾಗುತ್ತದೆ. ಶೇಂಗಾ ಚಟ್ನಿಯಲ್ಲಿ ಉಸುಕು ಸೇರುತ್ತದೆ. ನಮ್ಮ ಹಿರಿಯರು ನಿಮ್ಮ ನೀರನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಳ್ಳುತ್ತಾರೆ. ಊಟ ಮುಗಿದ ಮೇಲೆ ಥರ್ಮಾಕೋಲ್ ತಾಟು, ಚಿಪ್ಸ್ ಚೀಲ, ನೀರಿನ ಬಾಟಲಿಗಳನ್ನು ಅಷ್ಟೇ ಭಕ್ತಿಯಿಂದ ನಿಮಗೇ ಅರ್ಪಿಸುತ್ತೇವೆ. ನೀವೋ ಅದನ್ನೆಲ್ಲ ಸಂಜೆಯೊಳಗೆ ದಂಡೆಗೆ ಎಸೆದುಬಿಡುತ್ತೀರಿ. ಕಾಣಿಕೆ ವಾಪಸು ಮಾಡುವುದು ಯಾವ ಸೀಮೆಯ ಪದ್ಧತಿ? ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಸ್ವಚ್ಛತೆಗಾಗಿ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ನಾವು ಅಲ್ಲಿಗೆ ಹೆಚ್ಚು ಹೋಗುವುದಿಲ್ಲ. ಉಂಡ ತಾಟು ಎಲ್ಲಿಡಬೇಕೆಂದು ಕೇಳುತ್ತಾರೆ.

ಕೆಂಪು ಬಾವುಟ ಮಾತ್ರ ನಮಗೆ ಬಲು ಇಷ್ಟ. ಫೋಟೋದಲ್ಲಿ ಎದ್ದು ಕಾಣುತ್ತದೆ. ಸೀಟಿ ಊದುವ ಜೀವರಕ್ಷಕನಿಗೆ ‘ನಾವು ಕಾಲುವೆಯೊಳಗ ಈಜ್ ಕಲ್ತೇವ್ರೀ’ ಎಂದು ಹೇಳಿ ಮುಂದೆ ಹೋಗುತ್ತೇವೆ.

ಆದ್ದರಿಂದ ಒಂದೇ ವಿನಂತಿ. ಜೂನ್ 1ರಿಂದ ಜುಲೈ 31ರವರೆಗೆ, ನಿಮ್ಮ ಜೊತೆಗೇ ಹುಟ್ಟಿ ಬೆಳೆದ ಮೀನುಗಾರರ ಯಾಂತ್ರಿಕ ದೋಣಿಗಳೇ ದಡ ಬಿಡುವುದಿಲ್ಲ. ಆಗ ನಮ್ಮ ಹುಡುಗರು ಎಷ್ಟೇ ಹಟ ಮಾಡಿದರೂ ಮೊಣಕಾಲಿನಿಂದ ಮುಂದೆ ಬಿಟ್ಟುಕೊಳ್ಳಬೇಡಿ. ನಮ್ಮ ಮಾತನ್ನು ಅವರು ಕೇಳುವುದಿಲ್ಲ.

ಇಂತಿ,
ಗೋಕಾಕ ಸೀಮೆಯ ಒಬ್ಬ ಪ್ರವಾಸಿ