ಹಿಮ್ಮಡಿ ನೋವಿಗೆ ಮೀನಖಂಡ ಒತ್ತಬೇಕು

ಅಲ್ಲ ಸರೋಜಕ್ಕ, ನೋವು ಹಿಮ್ಮಡೀಲಿ ಅಂತ ಹಿಮ್ಮಡಿಯನ್ನೇ ತಿಕ್ಕುತ್ತಾ ಕೂತರೆ ಹೇಗೆ? ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದಾಗ ಜೀವ ಹೋಗುತ್ತೆ, ಅಡುಗೆಮನೆಗೆ ಬರೋ ಹೊತ್ತಿಗೆ ಕಡಿಮೆಯಾಗುತ್ತೆ, ಸ್ವಲ್ಪ ಕೂತು ಎದ್ದರೆ ಮತ್ತೆ ಶುರು ಅಂದಿರಲ್ಲ, ಅದು ಅಂಗಾಲಿನ ಪೊರೆಯ ನೋವು. ಡಾಕ್ಟರು ಪ್ಲಾಂಟರ್ ಫೇಶಿಯೈಟಿಸ್ ಅನ್ನೋದು ಇದನ್ನೇ. ಹಿಮ್ಮಡಿಯ ಎಲುಬಿನಿಂದ ಬೆರಳುಗಳವರೆಗೆ ದಪ್ಪನೆ ಪಟ್ಟಿಯೊಂದು ಇರುತ್ತೆ. ಹೆಬ್ಬೆರಳು ಮೇಲಕ್ಕೆ ಮಡಿಸಿದಾಗ ರಾಟೆಗೆ ಹಗ್ಗ ಸುತ್ತಿದ ಹಾಗೆ ಅದು ಬಿಗಿದು ಪಾದದ ಕಮಾನು ಏಳುತ್ತೆ. ಹಿಕ್ಸ್ ಅನ್ನೋರು 1954ರಲ್ಲೇ ಇದನ್ನು ವಿವರಿಸಿದ್ದಾರೆ. ಒಂದೊಂದು ಹೆಜ್ಜೆಗೂ ಈ ಎಳೆತ ಇದ್ದೇ ಇರುತ್ತೆ.

ಎಕ್ಸ್‌ರೇಯಲ್ಲಿ ಮುಳ್ಳಿನ ಹಾಗೆ ಮೂಳೆ ಬೆಳೆದಿದೆ ಅಂದ ಕೂಡಲೇ ಎದೆಗುಂದಬೇಡಿ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡೀಲೂ ಆ ಮುಳ್ಳು ಇರುತ್ತೆ.

ಬಿಸಿ ಇಟ್ಟಿಗೆ ಮೇಲೆ ಎಕ್ಕದ ಎಲೆ ಇಟ್ಟು ಕಾಲು ಊರೋದು ನಮ್ಮಮ್ಮನ ಕಾಲದಿಂದ ಇದೆ. ಆ ಹೊತ್ತಿಗೆ ಹಾಯ್ ಅನಿಸುತ್ತೆ, ನಿಜ. ಆದರೆ ನಿಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆಯಲ್ಲ, ಅವರಿಗೆ ಮಾತ್ರ ಖಂಡಿತ ಬೇಡ. ಸ್ಪರ್ಶ ಮಂದವಾದ ಕಾಲು ಸುಟ್ಟರೂ ಗೊತ್ತಾಗಲ್ಲ.

ಕೈ ಹೋಗಬೇಕಾದ್ದು ಮೀನಖಂಡಕ್ಕೆ. ಅದು ಬಿಗಿದುಕೊಂಡರೆ ಪಾದ ಮೇಲಕ್ಕೆ ಸರಿಯಾಗಿ ಬಾಗಲ್ಲ, ಆ ಭಾರವೆಲ್ಲ ಅಂಗಾಲಿನ ಪೊರೆ ಮೇಲೆ. ಒಳ್ಳೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದರೆ ನೋಡಿ, ಮೊದಲು ಮೀನಖಂಡದಲ್ಲಿ ಗಂಟುಗಟ್ಟಿದ ಜಾಗ ಹುಡುಕಿ ಹೆಬ್ಬೆರಳಲ್ಲಿ ಒತ್ತಿ, ಮೆತ್ತಗಾಗೋವರೆಗೂ ಹಿಡೀತಾರೆ. ಆಮೇಲೆ ಕಣಕಾಲಿನ ಕೀಲನ್ನು ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ದೂಡಿ ಸಡಿಲ ಮಾಡ್ತಾರೆ. ಅಂಗಾಲಿನ ಸರದಿ ಕೊನೆಗೆ. ಹಿಮ್ಮಡಿ ನೋವಿದ್ದ 60 ಜನರನ್ನು ಎರಡು ಗುಂಪು ಮಾಡಿ ನೋಡಿದ್ದರು. 2009ರಲ್ಲಿ ಅದು ಪ್ರಕಟವಾಯಿತು. ಎರಡೂ ಗುಂಪಿಗೆ ವ್ಯಾಯಾಮ ಇತ್ತು. ಜೊತೆಗೆ ಯಂತ್ರದ ಚಿಕಿತ್ಸೆ, ಕರೆಂಟು ಕೊಡಿಸಿಕೊಂಡವರಿಗಿಂತ ಕೈಚಿಕಿತ್ಸೆ ಮಾಡಿಸಿಕೊಂಡವರು ಆರು ತಿಂಗಳಾದ ಮೇಲೂ ಚೆನ್ನಾಗಿ ಓಡಾಡ್ತಿದ್ದರು.

ಹಾಗಂತ ಒತ್ತಿಸಿಕೊಂಡು ಸುಮ್ಮನೆ ಕೂರೋ ಹಾಗಿಲ್ಲ. ಒತ್ತೋ ಕೈ ಬಿಗಿತ ಸಡಿಲಿಸುತ್ತೆ, ಬಲ ಕೊಡೋದು ನಾವೇ. ಹಾಸಿಗೆ ಬಿಡೋ ಮೊದಲೇ ಕಾಲ ಮೇಲೆ ಕಾಲು ಹಾಕಿ, ಬೆರಳುಗಳನ್ನು ನಿಮ್ಮ ಕಡೆ ಎಳೆದು ಹತ್ತು ಎಣಿಸೋವರೆಗೆ ಹಿಡೀರಿ, ಹೀಗೆ ಹತ್ತು ಸಲ. ನೋವು ತಗ್ಗಿದ ಮೇಲೆ, ಮೆಟ್ಟಿಲಂಚಿನಲ್ಲಿ ಬೆರಳಡಿ ಸುತ್ತಿದ ಟವೆಲ್ ಇಟ್ಟು, ಗೋಡೆ ಹಿಡಿದು ಹಿಮ್ಮಡಿ ನಿಧಾನಕ್ಕೆ ಎತ್ತಿ ಇಳಿಸಿ, ದಿನ ಬಿಟ್ಟು ದಿನ. ಡೆನ್ಮಾರ್ಕಿನವರು 2014ರಲ್ಲಿ ತೋರಿಸಿದ ಕ್ರಮ ಇದು. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ ಅಕ್ಕ. ಮಡಿ ಮೈಲಿಗೆ ದೇವರ ಕೋಣೆಗಿರಲಿ, ಈ ಗ್ರಾನೈಟ್ ನೆಲ ನಿಮ್ಮ ಕಾಲಿಗಾಗಲ್ಲ.

ಮುಕ್ಕಾಲುಪಾಲು ಜನಕ್ಕೆ ಇದು ವರ್ಷದೊಳಗೆ ವಾಸಿಯಾಗುತ್ತೆ, ತಾಳ್ಮೆ ಬೇಕು ಅಷ್ಟೆ. ಆದರೆ ಪಾದ ಜೋಮು ಹಿಡಿದರೆ, ಊದಿ ಜ್ವರ ಬಂದರೆ, ಮಲಗಿದ್ದಾಗಲೂ ನೋವು ಬಿಡದಿದ್ದರೆ ಒತ್ತಿಸೋಕೆ ಹೋಗದೆ ಡಾಕ್ಟರಿಗೆ ತೋರಿಸಿ. ನಿಮ್ಮ ಮಗನಿಗೂ ಎರಡೂ ಹಿಮ್ಮಡಿ ನೋವು ಅಂದಿರಲ್ಲ, ಬೆಳಿಗ್ಗೆ ಸೊಂಟವೂ ಹಿಡಿದುಕೊಳ್ಳುತ್ತಾ ಕೇಳಿ. ಹೌದಾದರೆ ಅದು ಸಂಧಿವಾತ ಇರಬಹುದು, ತಡ ಮಾಡಬಾರದು.